ಇದ್ದಿಲು ಬಸ್ಸಿನ ಬಿಲಹರಿ

ಸವಳಂಗ ರಸ್ತೆಯಲ್ಲಿ ನನ್ನ ಮಗನ ಮನೆಯ ಎದುರಿಗೆ ಇಸ್ತ್ರಿಯವನೊಬ್ಬ ಗಾಡಿ ನಿಲ್ಲಿಸಿಕೊಳ್ಳುತ್ತಾನೆ. ಮೊನ್ನೆ ಹನಿ ಬಿದ್ದು ಅವನ ಇದ್ದಿಲ ಚೀಲ ನೆನೆದಿತ್ತು. ಬೆಳಗ್ಗೆ ಇಸ್ತ್ರಿ ಪೆಟ್ಟಿಗೆಗೆ ಕೆಂಡ ಮಾಡಲು ಅವನು ಊದುತ್ತ ಕೂತಾಗ, ಹತ್ತಿಕೊಳ್ಳಲು ಒಲ್ಲೆನೆನ್ನುವ ಹಸಿ ಇದ್ದಿಲಿನ ಹೊಗೆ ಜಗಲಿಯಲ್ಲಿ ಪೇಪರ್ ಓದುತ್ತಿದ್ದ ನನ್ನವರೆಗೂ ಬಂತು. ಕನ್ನಡಕ ತೆಗೆದಿಟ್ಟೆ. ಹೊಗೆಗೆ ಕೆಮ್ಮು ಬರುತ್ತದೆ, ಒಳಗೆ ಬನ್ನಿ ಎಂದು ಸೊಸೆ ಕರೆದಳು. ಬರ್ತೀನಿ ಎಂದೆ, ಆದರೆ ಏಳಲಿಲ್ಲ. ನಾನು ಕಾಲೇಜಿನಲ್ಲಿ ಕಳೆದ ಒಂದು ಇಡೀ ವರ್ಷ ಆ ಹೊಗೆಯೊಳಗೆ ಕೂತಿತ್ತು.

ಯುದ್ಧ ನಡೆಯುತ್ತಿದ್ದ ಕಾಲ. ಪೆಟ್ರೋಲೆಲ್ಲ ಮಿಲಿಟರಿಗೆ ಹೋಗುತ್ತಿದ್ದುದರಿಂದ ನಮ್ಮ ಕಡೆಯ ಬಸ್ಸುಗಳು ಇದ್ದಿಲಿಗೆ ತಿರುಗಿದ್ದವು. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಡ್ರಮ್ಮು ಕಟ್ಟಿರುತ್ತಿದ್ದರು. ಅದರೊಳಗೆ ಇದ್ದಿಲು ಸುರಿದು, ಬೆಂಕಿ ಹಾಕಿ, ಪಕ್ಕದ ಹಿಡಿಕೆ ತಿರುಗಿಸಿ ಗಾಳಿ ಊದಿದರೆ ಹುಟ್ಟುವ ಗ್ಯಾಸಿನಿಂದ ಎಂಜಿನ್ನು ಓಡಬೇಕು. ಬಸ್ಸು ಹೊರಡುವ ಎಷ್ಟೋ ಮೊದಲೇ ಸ್ಟ್ಯಾಂಡಿನ ತುಂಬ ಹೊಗೆ. ಸಮದಾರಿಯಲ್ಲಿ ಎತ್ತಿನ ಗಾಡಿಯನ್ನು ಹಿಂದೆ ಹಾಕುವಷ್ಟು ಕಸುವು ಅದಕ್ಕಿತ್ತು. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕಿತ್ತು.

ನಾನಾಗ ಶಿವಮೊಗ್ಗದಲ್ಲಿ ಇಂಟರ್‌ಮೀಡಿಯೆಟ್ ಎರಡನೆಯ ವರ್ಷ. ಪೇಟೆಯಲ್ಲಿ ನಮ್ಮ ತಂದೆಯವರದು ಹಿತ್ತಾಳೆ ಪಾತ್ರೆಯ ಅಂಗಡಿ. ಹೆಣ್ಣುಮಗಳನ್ನು ಕಾಲೇಜಿಗೆ ಕಳಿಸಿದ್ದಕ್ಕೆ ಮಠದಲ್ಲೂ ಮದುವೆಮನೆಗಳಲ್ಲೂ ಅವರು ಸಾಕಷ್ಟು ಮಾತು ಕೇಳಿದ್ದರು. ತರಗತಿಯಲ್ಲಿ ಹುಡುಗಿಯರೆಂದರೆ ನಾನು ಮತ್ತು ವೇದವಲ್ಲಿ, ಇಬ್ಬರೇ. ವೇದಳ ಅಪ್ಪ ಸೌರಿರಾಜನ್ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫೋರ್‌ಮನ್. ಮನೆಯಲ್ಲಿ ತಮಿಳು ಮಾತಾಡುವ ಜನ. ವಾರದ ದಿನಗಳಲ್ಲಿ ಅವಳು ಶಿವಮೊಗ್ಗದಲ್ಲಿ ಸೋದರಮಾವನ ಮನೆಯಲ್ಲಿದ್ದು, ಶನಿವಾರ ಮಧ್ಯಾಹ್ನ ಊರಿಗೆ ಹೋಗಿ ಸೋಮವಾರ ಬೆಳಗ್ಗೆ ಬರುತ್ತಿದ್ದಳು. ಅವಳ ಜೊತೆ ಯಾವಾಗಲೂ ಹಳೇ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಪೆಟ್ಟಿಗೆ ಇರುತ್ತಿತ್ತು. ಅದರಲ್ಲಿ ಪಿಟೀಲು. ಅಪ್ಪನಿಗೆ ಅವರಪ್ಪ ಕಲಿಸಿದ್ದು. ಕಬ್ಬಿಣದ ಕೆಲಸದಲ್ಲಿ ಬೆರಳು ಬಿರುಸಾದ ಮೇಲೆ ಅವರು ನುಡಿಸುವುದನ್ನು ಬಿಟ್ಟು ಮಗಳಿಗೆ ಕಲಿಸಿದ್ದರು.

ಭದ್ರಾವತಿಯ ಕಾರ್ಖಾನೆ ಕಾಲೊನಿಯಲ್ಲಿ ಆಗಾಗ ಸಂಗೀತ ಕಚೇರಿ ನಡೆಯುತ್ತಿತ್ತು. ಅದನ್ನು ಕೇಳಲು ನನಗೂ ಆಸೆ. ನಾನು ವೇದಳ ಜೊತೆ ಹೋಗಿ ಅವರ ಮನೆಯಲ್ಲಿ ಉಳಿಯುವ ಮಾತೆತ್ತಿದಾಗ ತಂದೆ ಅಜ್ಜಿಯ ಮುಖ ನೋಡಿದರು. ಅಜ್ಜಿ ಎರಡು ಷರತ್ತು ಹಾಕಿದರು. ಚಿಕ್ಕಪ್ಪನ ಮಗ ಬಸವರಾಜ ಜೊತೆಗೆ ಹೋಗಬೇಕು; ಊಟಕ್ಕೆ ರೊಟ್ಟಿ, ಚಟ್ನಿಪುಡಿ ಮನೆಯಿಂದಲೇ ಕಟ್ಟಿಕೊಂಡು ಹೋಗಬೇಕು. ಬಸವರಾಜ ನಮ್ಮದೇ ಕಾಲೇಜಿನಲ್ಲಿ ಓದುತ್ತಿದ್ದ, ನನಗಿಂತ ಒಂದು ವರ್ಷಕ್ಕೆ ದೊಡ್ಡವನು, ನಾನು ಬಸಣ್ಣ ಎನ್ನುತ್ತಿದ್ದೆ. ಭದ್ರಾವತಿಯಲ್ಲಿ ಅವನಿಗೆ ಇಳಿದುಕೊಳ್ಳಲು ಸ್ನೇಹಿತರ ರೂಮಿತ್ತು. ರೊಟ್ಟಿಯ ಗಂಟನ್ನು ಮೊದಲ ಸಲವೇ ವೇದಳ ತಮ್ಮಂದಿರು ಬಿಚ್ಚಿ ಖಾಲಿ ಮಾಡಿದರು. ನಾನು ಅವರ ಮನೆಯ ಮೊಸರನ್ನ ಉಂಡೆ. ಅಜ್ಜಿಯ ಎರಡನೆಯ ಷರತ್ತು ಅಲ್ಲಿಗೆ ಮುಗಿಯಿತು.

ಬಸ್ಸಿನಲ್ಲಿ ಹಾಡು ಶುರುವಾದದ್ದು ಬಸಣ್ಣನಿಂದ. ತುಂಗೆಯ ಸೇತುವೆ ದಾಟಿ ಮಲವಗೊಪ್ಪದ ಕಡೆ ಹೊರಟರೆ ಬಸ್ಸು ಒಂದು ಹದಕ್ಕೆ ಬರುತ್ತಿತ್ತು. ಅಲ್ಲಿಂದ ಅವನ ಗಂಟಲು ತೆರೆಯುತ್ತಿತ್ತು. ನಾಟಕ ಕಂಪನಿಯ ಮಟ್ಟುಗಳೆಲ್ಲ ಅವನಿಗೆ ಬಾಯಿಪಾಠ. ಮಾತು ಮರೆತಲ್ಲಿ ತನ್ನದೇ ಮಾತು ತುಂಬುತ್ತಿದ್ದ. ಹಾಗೆ ಹುಟ್ಟಿದ್ದು ಬಸ್ಸಿನ ಮೇಲಿನ ಈ ಪದ:

ಇದ್ದಿಲು ತಿಂದು ಹೊಗೆಯನು ಬಿಡುವ
ಅಣ್ಣಾ ನಮ್ಮ ಬಸ್ಸಣ್ಣಾ,
ಇಳಿಜಾರಲ್ಲಿ ಕುದುರೆಯ ಓಟ,
ಏರಲಿ ಎಮ್ಮೆಯ ನಡೆಯಣ್ಣಾ

ಹಿಂದಿನ ಸೀಟಿನ ಹುಡುಗರೆಲ್ಲ ದನಿಗೂಡಿಸುತ್ತಿದ್ದರು. ಏರು ಬಂದಾಗ ಇಳಿದು ತಳ್ಳುವುದೂ ಇದೇ ಹಾಡಿನ ತಾಳಕ್ಕೆ. ‘ಎಮ್ಮೆಯ’ ಅನ್ನುವಲ್ಲಿ ಎಲ್ಲರೂ ಒಟ್ಟಿಗೆ ಹೆಗಲು ಕೊಡುವುದು. ಡ್ರೈವರ್ ಗೌಸ್ ಸಾಬರು ಏರು ಹತ್ತಿರವಾಗುತ್ತಲೇ ತಿರುಗಿ ನೋಡಿ, ಹಾಡು ತೆಗೀರಪ್ಪ ಎನ್ನುತ್ತಿದ್ದರು.

ನಾನೂ ವೇದಳೂ ಮುಂದೆ ಹೆಂಗಸರ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆವು. ಒಳಗೊಳಗೇ ಕಾಲ್ಬೆರಳು ಕುಣಿಯುತ್ತಿತ್ತು. ನಿದಿಗೆಯಿಂದ ಸೊಪ್ಪಿನ ಕುಕ್ಕೆ ಹೊತ್ತು ಹತ್ತುತ್ತಿದ್ದ ನಿಂಗಮ್ಮ ಎಂಬಾಕೆ ಒಂದು ಶನಿವಾರ ನಮ್ಮಿಬ್ಬರ ಮುಖ ನೋಡಿ ನಕ್ಕು, ತಾನೇ ಒಂದು ಸೋಬಾನೆ ಪದ ಎತ್ತಿದಳು. ಸೋಬಾನೆಗೆ ಸೊಲ್ಲು ಕೊಡದೆ ಕೂರುವುದು ಹೇಗೆ? ನಾವಿಬ್ಬರೂ ಕೊಟ್ಟೆವು. ಅವತ್ತಿನಿಂದ ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ಪಂದ್ಯವೇ ಬಿತ್ತು. ಗಂಡಸರು ಒಂದು ಹಾಡಿದರೆ ಹೆಂಗಸರು ಒಂದು. ವೇದಳ ಬಾಯಲ್ಲಿ ಕನ್ನಡದ ಪದ ಸ್ವಲ್ಪ ತಮಿಳಾಗಿ ಹೊರಳುತ್ತಿತ್ತು, ಶ್ರುತಿ ಮಾತ್ರ ಕೂದಲೆಳೆಯಷ್ಟೂ ಸರಿಯುತ್ತಿರಲಿಲ್ಲ. ಪಿಟೀಲು ನುಡಿಸು ಎಂದು ಹುಡುಗರು ಎಷ್ಟು ಕಾಡಿದರೂ ಅವಳು ಪೆಟ್ಟಿಗೆ ತೆಗೆಯಲಿಲ್ಲ. ಇದ್ದಿಲ ಮಸಿ ಕೂತರೆ ತಂತಿ ಹಾಳಾಗುತ್ತದೆ ಎನ್ನುತ್ತಿದ್ದಳು.

ಗಣೇಶನ ಹಬ್ಬದ ಮಾರನೆಯ ವಾರ ಕಾಲೊನಿಯಲ್ಲಿ ದೊಡ್ಡ ಕಚೇರಿ ಎಂದು ಗೊತ್ತಾಯಿತು. ಮೈಸೂರಿನ ಕಡೆಯಿಂದ ಹೆಸರಾಂತ ವಿದ್ವಾಂಸರೊಬ್ಬರು ಬರುವವರಿದ್ದರು. ಅವರು ಬಂದರು, ಮೃದಂಗದವರೂ ಬಂದರು. ಆದರೆ ಅವರ ಪಿಟೀಲಿನವರು ಪರಿಚಯದವರನ್ನು ನೋಡಲು ಮೊದಲು ಶಿವಮೊಗ್ಗಕ್ಕೆ ಹೋಗಿ, ರೈಲು ಇಳಿಯುತ್ತಲೇ ಚಳಿಜ್ವರ ಹಿಡಿದು ಆ ಮನೆಯಲ್ಲೇ ಮಲಗಿಬಿಟ್ಟಿದ್ದರು. ಆಗ ನಮ್ಮ ಸೀಮೆಯಲ್ಲಿ ಆ ಜ್ವರ ಮುಟ್ಟದ ಮನೆಯೇ ಇರಲಿಲ್ಲ. ಭಾನುವಾರ ಮಧ್ಯಾಹ್ನ ಕಮಿಟಿಯವರು ಸೌರಿರಾಜನ್ ಅವರ ಮನೆಗೆ ಬಂದು, ನಿಮ್ಮ ಮಗಳು ಕೂರಬಹುದೇ ಎಂದು ಕೇಳಿದರು.

ವೇದಳ ಅಮ್ಮ ಅಡಿಗೆಮನೆಯಿಂದ ತಮಿಳಿನಲ್ಲಿ ಏನೋ ಜೋರಾಗಿ ಹೇಳಿದರು. ಬೇಡ ಎಂದೇ ಇರಬೇಕು. ಸೌರಿರಾಜನ್ ಮಗಳನ್ನು ನೋಡಿದರು. ವೇದ ಒಳಗೆ ಹೋಗಿ ಮುಖ ತೊಳೆದು, ಜಡೆ ಹೆಣೆದುಕೊಂಡು, ಪಿಟೀಲು ಹಿಡಿದು ಬಂದು ನಿಂತಳು.

ವಿದ್ವಾಂಸರು ಇಳಿದುಕೊಂಡಿದ್ದಲ್ಲಿಗೆ ನಾನೂ ಜೊತೆಗೆ ಹೋಗಿದ್ದೆ. ಅರವತ್ತರ ಆಸುಪಾಸಿನ ಮನುಷ್ಯ, ಮೃದು ಮಾತು. ವೇದ ನಮಸ್ಕಾರ ಮಾಡಿದಳು. ಅವರು ಅವಳನ್ನೂ ಪೆಟ್ಟಿಗೆಯನ್ನೂ ನೋಡಿದರು. ಆಮೇಲೆ ಅವಳಪ್ಪನಿಗೆ ಹೇಳಿದರು:

“ಹೆಣ್ಣುಮಕ್ಕಳ ಪಿಟೀಲಿಗೆ ಹಾಡಿ ನನಗೆ ಅಭ್ಯಾಸ ಇಲ್ಲ. ಈ ವಯಸ್ಸಿನಲ್ಲಿ ಹೊಸ ಪದ್ಧತಿ ಬೇಡ. ಮಗು ಬೇಜಾರು ಮಾಡ್ಕೋಬಾರದು.”

ಒಂದು ಸ್ವರ ನುಡಿಸು ಎಂದು ಕೂಡ ಕೇಳಲಿಲ್ಲ. ಸೌರಿರಾಜನ್ ಕೈಮುಗಿದರು. ನಾವು ಹೊರಗೆ ಬಂದೆವು.

ಸಂಜೆ ಅವರು ಮೃದಂಗವೊಂದನ್ನೇ ಇಟ್ಟುಕೊಂಡು ಹಾಡಿದರು. ಪೆಂಡಾಲು ಕಿಕ್ಕಿರಿದಿತ್ತು. ಪಾಳಿ ಮುಗಿಸಿ ಬಂದ ಕೆಲಸಗಾರರು ಮಸಿ ಬಟ್ಟೆಯಲ್ಲೇ ಹಿಂದೆ ನಿಂತಿದ್ದರು. ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲ ಮಾತೂ ಅಲ್ಲಿ ಕೇಳುತ್ತಿತ್ತು, ಹಾಡು ಎತ್ತಿದೊಡನೆ ಎಲ್ಲವೂ ನಿಂತಿತು. ಕಾರ್ಖಾನೆಯವರು ಕುಲುಮೆಯಿಂದ ಕರಗಿದ ಕಿಟ್ಟ ಸುರಿದಾಗಲೆಲ್ಲ ಆ ಕಡೆಯ ಆಕಾಶ ಕೆಂಪಾಗಿ ಮತ್ತೆ ಕಪ್ಪಾಗುತ್ತಿತ್ತು. ನಾನು ಅಲ್ಲಿಯವರೆಗೆ ಅಂಥ ಹಾಡುಗಾರಿಕೆ ಕೇಳಿರಲಿಲ್ಲ. ಅವರ ಮೇಲೆ ಸಿಟ್ಟು ಮಾಡಬೇಕೆಂದೇ ಕೂತವಳಿಗೆ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ವೇದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸೆರಗಿನ ಮರೆಯಲ್ಲಿ ಅವಳ ಎಡಗೈ ಬೆರಳುಗಳು ಪೆಟ್ಟಿಗೆಯ ಮೇಲೆ ಅವರ ಹಾಡನ್ನು ಹಿಂಬಾಲಿಸುತ್ತಲೇ ಇದ್ದವು. ಮನೆಗೆ ಬಂದ ಮೇಲೂ ಅವಳು ಅಳಲಿಲ್ಲ, ಬೈಯಲಿಲ್ಲ. ಚೆನ್ನಾಗಿ ಹಾಡಿದರು ಎಂದಷ್ಟೇ ಹೇಳಿ ಚಾಪೆ ಹಾಸಿದಳು.

ಸೋಮವಾರ ಬೆಳಗ್ಗೆ ಬಸ್ಸು ಹತ್ತಿದರೆ ಡ್ರೈವರನ ಹಿಂದಿನ ಸೀಟಿನಲ್ಲಿ ವಿದ್ವಾಂಸರು ಕೂತಿದ್ದರು, ಪಕ್ಕದಲ್ಲಿ ಮೃದಂಗದವರು. ಜ್ವರದಲ್ಲಿ ಮಲಗಿದ್ದ ಪಿಟೀಲಿನವರನ್ನು ಶಿವಮೊಗ್ಗದಿಂದ ಕರೆದುಕೊಂಡು ಅವರು ರೈಲು ಹಿಡಿಯಬೇಕಿತ್ತು. ವೇದ ಅವರಿಗೆ ಕೈಮುಗಿದು ಬಂದು ನನ್ನ ಪಕ್ಕ ಕಿಟಕಿಯ ಬದಿ ಕೂತಳು. ಅವತ್ತು ಯಾರಿಗೂ ಹಾಡುವ ಧೈರ್ಯ ಬರಲಿಲ್ಲ.

ಮಾಚೇನಹಳ್ಳಿ ದಾಟುತ್ತಲೇ ಬಸ್ಸು ಕೆಮ್ಮಿತು, ಎಳೆಯಿತು, ನಿಂತಿತು. ಹಿಂದಿನ ದಿನದ ಮಳೆಗೆ ಇದ್ದಿಲು ಒದ್ದೆಯಾಗಿ ಗ್ಯಾಸು ಹುಟ್ಟುತ್ತಿರಲಿಲ್ಲ. ಗೌಸ್ ಸಾಬರು ಇಳಿದು ಡ್ರಮ್ಮಿನ ಬಾಗಿಲು ತೆಗೆದು ನೋಡಿ, ಪೂರ್ತಿ ಕೆದಕಿ ಹೊಸದಾಗಿ ಬೆಂಕಿ ಹಾಕಬೇಕು, ಒಂದು ಒಲೆ ಅಡಿಗೆ ಆಗುವ ಹೊತ್ತಾದರೂ ಬೇಕು ಎಂದರು. ಜನರೆಲ್ಲ ಇಳಿದು ದಾರಿಬದಿಯ ಗೋಣಿಮರದ ಕೆಳಗೆ ಸೇರಿದರು. ಬಿಸಿಲು ಎಳೆಯದಿತ್ತು. ಗದ್ದೆಗಳಲ್ಲಿ ನೀರು ನಿಂತು ಹೊಳೆಯುತ್ತಿತ್ತು. ವಿದ್ವಾಂಸರಿಗೆ ಯಾರೋ ಟವೆಲು ಹಾಸಿ ಬೇರಿನ ಮೇಲೆ ಜಾಗ ಮಾಡಿಕೊಟ್ಟರು.

ಸುಮ್ಮನೆ ಎಷ್ಟು ಹೊತ್ತು ನಿಲ್ಲುವುದು? ಹಿಡಿಕೆ ತಿರುಗಿಸುತ್ತಿದ್ದ ಕಂಡಕ್ಟರಿಗೆ ಹುರುಪು ಬರಲೆಂದು ಬಸಣ್ಣ ಮೆಲ್ಲಗೆ ‘ಬಸ್ಸಣ್ಣಾ’ ಎತ್ತಿದ. ಹುಡುಗರು ಸೇರಿಕೊಂಡರು. ‘ಎಮ್ಮೆಯ ನಡೆ’ ಬರುವ ಹೊತ್ತಿಗೆ ವಿದ್ವಾಂಸರ ಮುಖದಲ್ಲಿ ನಗು ಕಂಡಿತು. ತೊಡೆಯ ಮೇಲೆ ಕೈ ತಾಳ ಹಾಕುತ್ತಿತ್ತು. ಹಿಂದಿನ ದಿನ ಭದ್ರಾವತಿಯಲ್ಲಿ ಸೊಪ್ಪು ಮಾರಿ ಖಾಲಿ ಕುಕ್ಕೆಯ ಜೊತೆ ಮರಳುತ್ತಿದ್ದ ನಿಂಗಮ್ಮ ಅವರ ಎದುರಿಗೇ ಕುಕ್ಕರಿಸಿ ಕೂತಳು.

“ಸ್ವಾಮೇರು ದೊಡ್ಡ ಹಾಡುಗಾರರಂತೆ. ನಾವೆಲ್ಲಿ ಪೆಂಡಾಲಿಗೆ ಬರಾಣ? ಇಲ್ಲೇ ಒಂದು ಹಾಡ್ರಲ್ಲ.”

ಮೃದಂಗದವರಿಗೆ ಇರಿಸುಮುರಿಸಾಯಿತು. ವಿದ್ವಾಂಸರು ಮಾತ್ರ ಬೇಸರಪಟ್ಟುಕೊಳ್ಳಲಿಲ್ಲ. ಬೆಳಗಿನ ಹೊತ್ತು, ಬಿಲಹರಿ ರಾಗ ಹಾಡಬಹುದು ಎಂದು ತಮಗೆ ತಾವೇ ಹೇಳಿಕೊಂಡು ಕಣ್ಣು ಮುಚ್ಚಿದರು. ಹಿಂದಿನ ಸಂಜೆ ಮೈಕಿನಲ್ಲಿ ಕೇಳಿದ ದನಿ ಈಗ ಬರಿಗಂಟಲಿನಿಂದ ಬಂತು. ಸ್ವಲ್ಪ ಒರಟಾಗಿತ್ತು, ಇನ್ನಷ್ಟು ಹತ್ತಿರವಾಗಿತ್ತು. ಹೊಲದ ಬದುವಿನಲ್ಲಿ ಹೋಗುತ್ತಿದ್ದವರು ನಿಂತರು.

ನಾನು ಹಾಡು ಕೇಳುತ್ತ ಮೈಮರೆತಿದ್ದೆ. ಪಕ್ಕದಲ್ಲಿ ರೇಷ್ಮೆ ತುಂಡಿನ ಗಂಟು ಬಿಚ್ಚಿದ ಸದ್ದಾಯಿತು. ವೇದ ಮರಕ್ಕೆ ಒರಗಿ, ನೆಲದ ಮೇಲೆ ಕಾಲು ಮಡಿಚಿ ಕೂತು, ಪಿಟೀಲನ್ನು ಎದೆಗೂ ಪಾದಕ್ಕೂ ನಡುವೆ ಇಟ್ಟುಕೊಂಡಿದ್ದಳು. ಬೆರಳಿನಿಂದ ತಂತಿಗಳನ್ನು ಮೀಟಿ, ಕಿವಿ ಹತ್ತಿರ ತಂದು, ಅವರ ಶ್ರುತಿಗೆ ಸರಿಮಾಡಿಕೊಂಡಳು. ಬೇಡ ಕಣೇ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ವಿದ್ವಾಂಸರು ಪಲ್ಲವಿಯ ಒಂದು ಸಂಗತಿ ಮುಗಿಸಿ ಉಸಿರು ತೆಗೆದುಕೊಂಡರು. ಆ ಉಸಿರಿನಷ್ಟು ಬಿಡುವಿನಲ್ಲಿ ಪಿಟೀಲು ಅವರ ಕೊನೆಯ ಎಳೆಯನ್ನು ಮೆಲ್ಲಗೆ ಮರಳಿ ಹೇಳಿತು.

ಅವರು ತಿರುಗಲಿಲ್ಲ, ಕಣ್ಣನ್ನೂ ತೆರೆಯಲಿಲ್ಲ. ಅವರು ಮುಂದಿನ ಎಳೆ ಹಾಡಿದರು, ಮತ್ತೆ ನಿಲ್ಲಿಸಿದರು. ಈ ಸಲದ ಬಿಡುವು ಉಸಿರಿಗೆ ಬೇಕಾದದ್ದಕ್ಕಿಂತ ಉದ್ದವಾಗಿತ್ತು. ಬೇಕೆಂದೇ ಬಿಟ್ಟದ್ದು. ವೇದ ಅದನ್ನು ತುಂಬಿದಳು.

ಆಮೇಲೆ ನಡೆದದ್ದು ಕಚೇರಿಯೇ. ಮೃದಂಗ ಬಸ್ಸಿನ ಮೇಲೆ ಕಟ್ಟಿತ್ತು; ಮೃದಂಗದವರು ತಮ್ಮ ಟ್ರಂಕನ್ನು ಎಳೆದುಕೊಂಡು ಅದರ ಮೇಲೆ ಬೆರಳಾಡಿಸಿದರು. ವಿದ್ವಾಂಸರು ಸ್ವರ ಹಾಕತೊಡಗಿದರು. ಮೊದಲು ಸಲೀಸಾದವು, ಬರುಬರುತ್ತ ಕೊಕ್ಕೆಯವು. ಅವಳು ಹಿಂಬಾಲಿಸಿದಳು. ಒಂದು ಕಡೆ ಲೆಕ್ಕ ತಪ್ಪಿ ಕಮಾನು ನಿಂತುಹೋಯಿತು. ವೇದ ನಾಲಿಗೆ ಕಚ್ಚಿಕೊಂಡು ನಕ್ಕುಬಿಟ್ಟಳು. ಅವರು ಆಗ ಮೊದಲ ಸಲ ಕಣ್ಣು ತೆರೆದು ಅವಳ ಕಡೆ ನೋಡಿ, ಅದೇ ಸ್ವರವನ್ನು ನಿಧಾನವಾಗಿ, ಮನೆಯಲ್ಲಿ ಪಾಠ ಹೇಳುವವರ ಹಾಗೆ, ಇನ್ನೊಮ್ಮೆ ಹಾಡಿದರು. ಈ ಸಲ ಅವಳ ಕೈಗೆ ಬಂತು. ಅವರು ‘ಭಲೆ’ ಎಂದರು.

ಗ್ಯಾಸು ಯಾವಾಗ ಹುಟ್ಟಿತೋ ನಮಗೆ ತಿಳಿಯಲಿಲ್ಲ. ಹಾಡು ಮುಗಿದಾಗ ಗೌಸ್ ಸಾಬರು ಬಸ್ಸಿಗೆ ಒರಗಿ, ತಲೆಯ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಎಷ್ಟೋ ಹೊತ್ತಿನಿಂದ ಬಸ್ಸು ತಯಾರಾಗಿತ್ತಂತೆ. ಅವರು ಹಾರ್ನ್ ಹೊಡೆದಿರಲಿಲ್ಲ, ಕಂಡಕ್ಟರಿಗೂ ಕೂಗಬೇಡ ಎಂದಿದ್ದರಂತೆ.

ಬಸ್ಸಿನತ್ತ ನಡೆಯುವಾಗ ವಿದ್ವಾಂಸರು ವೇದಳ ಹತ್ತಿರ ಬಂದರು.

“ರಾಮನವಮಿಗೆ ಇಲ್ಲಿಯವರು ಮತ್ತೆ ಕರೆದಿದಾರಮ್ಮ. ಆಗ ನೀನೇ ಕೂತ್ಕೋಬೇಕು.”

ವೇದ ಪೆಟ್ಟಿಗೆಗೆ ಸೀರೆ ಸುತ್ತುತ್ತಿದ್ದಳು. ತಲೆ ಎತ್ತದೆ ಕೇಳಿದಳು:

“ಪೆಂಡಾಲಿನಲ್ಲೋ, ರಸ್ತೆಯಲ್ಲೋ?”

ಬಸಣ್ಣ ಬೆಚ್ಚಿ ನನ್ನನ್ನು ನೋಡಿದ. ದೊಡ್ಡವರಿಗೆ ಹಾಗೆ ಮಾತಾಡಿದ್ದನ್ನು ನಾವು ಕೇಳಿರಲಿಲ್ಲ.

“ಪೆಂಡಾಲಿನಲ್ಲೇ,” ಎಂದು ಹೇಳಿ ವಿದ್ವಾಂಸರು ಬಸ್ಸು ಹತ್ತಿದರು.

ಸುದ್ದಿ ನಮಗಿಂತ ಮುಂಚೆ ಪೇಟೆಗೆ ಬಂದಿತ್ತೋ ಏನೋ. ನಿಮ್ಮ ಹುಡುಗಿ ರಸ್ತೆಬದಿಯಲ್ಲಿ ಕೂತು ಹಾಡುತ್ತಿದ್ದಳಂತೆ ಎಂದು ಯಾರೋ ತಂದೆಯವರಿಗೆ ಅಂಗಡಿಯಲ್ಲೇ ಹೇಳಿದರು. ತಂದೆ ಕೂಗಾಡಲಿಲ್ಲ. ಪರೀಕ್ಷೆಯವರೆಗೆ ಭದ್ರಾವತಿ ಬೇಡ ಎಂದರು, ಅಷ್ಟೇ. ಅಜ್ಜಿ ಮಾತ್ರ ಬಿಡಲಿಲ್ಲ.

“ಕಾಲೇಜಿಗೆ ಹೋಗ್ತೀಯ, ಸರಿ. ಬಸ್ಸಲ್ಲಿ ಹಾಡ್ಕೊಂಡು ಹೋಗೋದು ಯಾವ ಪಾಠದಲ್ಲಿದೆ ಮಾರಾಯ್ತಿ?”

ನಾನು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಸೋಬಾನೆಯಿಂದ ಹಿಡಿದು ‘ಪೆಂಡಾಲಿನಲ್ಲೇ’ ಎಂಬವರೆಗೆ. ಅಜ್ಜಿ ಬತ್ತಿ ಹೊಸೆಯುತ್ತ ಕೇಳಿಸಿಕೊಂಡರು. ಆಮೇಲೆ ಪ್ರತಿ ಸೋಮವಾರ ಸಂಜೆ, ಆ ಪಿಟೀಲು ಹುಡುಗಿ ಏನಂದಳು ಎಂದು ಅವರೇ ಕೇಳತೊಡಗಿದರು.

ಭದ್ರಾವತಿಯಲ್ಲಿ ವಿಷಯ ಇಷ್ಟು ಹಗುರವಾಗಿರಲಿಲ್ಲ. ವೇದಳಿಗೆ ಸೇಲಂ ಕಡೆಯಿಂದ ಒಂದು ಸಂಬಂಧ ಕೂಡಿಬರುವಂತಿತ್ತು. ವೇದಿಕೆಯ ಮೇಲೆ ಗಂಡಸರ ಸಮಕ್ಕೆ ಕೂರುವ ಹುಡುಗಿಯನ್ನು ಯಾರು ಒಪ್ಪುತ್ತಾರೆ ಎಂದು ಅವಳಮ್ಮ ಊಟ ಬಿಟ್ಟರು. ಚಳಿಗಾಲದ ಉದ್ದಕ್ಕೂ ಆ ಮನೆಯಲ್ಲಿ ಇದೇ ಮಾತು. ವೇದ ನನ್ನ ಹತ್ತಿರ ಎಲ್ಲ ಹೇಳುತ್ತಿದ್ದಳು. ಅಮ್ಮನ ಮೇಲೆ ಅವಳಿಗೆ ಕೋಪವಿರಲಿಲ್ಲ. ಭಯ ಮಾತ್ರ ಇತ್ತು. ಅಮ್ಮನ ಮಾತೇ ನಿಜವಾದರೆ ಎಂದು ಒಮ್ಮೆ ಕಾಲೇಜಿನ ಜಗಲಿಯಲ್ಲಿ ಅತ್ತಳು. ಕೊನೆಗೆ ಒಂದು ದಿನ ಅವಳಪ್ಪ ಹೆಂಡತಿಗೆ ಒಂದೇ ಮಾತು ಹೇಳಿದರಂತೆ: ಪಿಟೀಲು ಬೇಡ ಅನ್ನುವವರು ಮದುವೆಯಾದ ಮೇಲೆ ಹಾಗನ್ನುವುದಕ್ಕಿಂತ ಮೊದಲೇ ಅನ್ನಲಿ. ಸೇಲಂನವರು ಮೊದಲೇ ಅಂದರು. ಆ ಸಂಬಂಧ ಮುರಿಯಿತು. ವೇದಳಿಗೆ ಮದುವೆಯಾದದ್ದು ಅದಾಗಿ ನಾಲ್ಕೈದು ವರ್ಷಕ್ಕೆ, ತಿರುಚ್ಚಿಯ ಒಬ್ಬ ಸ್ಕೂಲು ಮೇಷ್ಟ್ರ ಜೊತೆ. ಆಮೇಲೆ ಅವಳು ಅಲ್ಲೇ ನೆಲೆಸಿ ಎಷ್ಟೋ ಮಕ್ಕಳಿಗೆ ಪಿಟೀಲು ಕಲಿಸಿದಳು. ಆದರೆ ಆ ಚಳಿಗಾಲದಲ್ಲಿ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ಮುರಿದದ್ದಷ್ಟೇ ಗೊತ್ತಿತ್ತು.

ರಾಮನವಮಿ ಬಂತು. ಪರೀಕ್ಷೆ ಎದುರಿಗಿತ್ತು. ಭದ್ರಾವತಿಗೆ ಹೋಗುತ್ತೇನೆಂದು ತಂದೆಯವರ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. ಕಚೇರಿಯ ದಿನ ಬೆಳಗ್ಗೆ ಅಜ್ಜಿ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದರು. ತಾನು ಭದ್ರಾವತಿಗೆ ಸಂಗೀತ ಕೇಳಲು ಹೋಗುತ್ತಿರುವುದಾಗಿಯೂ, ಈ ವಯಸ್ಸಿನಲ್ಲಿ ಒಬ್ಬಳೇ ಹೋಗಲಾಗದೆಂದೂ ತಂದೆಗೆ ತಿಳಿಸಿದರು. ತಂದೆ ನಗು ತಡೆದುಕೊಂಡು ಅಂಗಡಿಯ ಕೀಲಿ ಹಿಡಿದು ಹೊರಟುಹೋದರು. ನಾನೂ ಬಸಣ್ಣನೂ ಅಜ್ಜಿಯ ಜೊತೆ ಹೊರಟೆವು. ಬಸ್ಸಿನಲ್ಲಿ ಅಜ್ಜಿ ಮೊದಲು ಮೂಗು ಮುಚ್ಚಿಕೊಂಡು ಕೂತಿದ್ದರು. ನಿದಿಗೆಯಲ್ಲಿ ನಿಂಗಮ್ಮ ಹತ್ತಿದ ಮೇಲೆ, ಅವಳ ಸೋಬಾನೆಯ ಒಂದು ನುಡಿ ತಪ್ಪೆಂದು ಜಗಳ ತೆಗೆದು, ಸರಿಯಾದದ್ದನ್ನು ತಾವೇ ಹಾಡಿ ತೋರಿಸಿದರು. ಹಿಂದಿನ ಸೀಟಿನ ಹುಡುಗರು ಚಪ್ಪಾಳೆ ತಟ್ಟಿದರು. ಬಸಣ್ಣ ಕಿಟಕಿಯಿಂದ ಹೊರಗೆ ಮುಖ ಹಾಕಿ ನಕ್ಕ.

ಸಂಜೆ ನಾವು ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತೆವು. ಪಾನಕದ ಲೋಟಗಳು ಕೈಯಿಂದ ಕೈಗೆ ಬಂದವು. ವೇದಳ ಅಮ್ಮನೂ ಬಂದು ತುದಿಯಲ್ಲಿ, ಕಂಬದ ಮರೆಗೆ ಕೂತರು. ವೇದಿಕೆಯ ಮೇಲೆ ವಿದ್ವಾಂಸರು, ಅವರ ಬಲಕ್ಕೆ ಮೃದಂಗ, ಎಡಕ್ಕೆ ವೇದ. ಅವಳು ಬಂದು ಕೂರುತ್ತಲೇ ಪೆಂಡಾಲಿನಲ್ಲಿ ಗುಸುಗುಸು ಎದ್ದಿತು. ಹಿಂದೆ ಯಾರೋ ಏನೋ ಅಂದರು, ಯಾರೋ ನಕ್ಕರು. ತಂಬೂರಿ ಶ್ರುತಿ ಹಿಡಿಯಿತು. ಮೃದಂಗದವರು ಒಮ್ಮೆ ತಟ್ಟಿ ನೋಡಿ ಕೈ ಇಳಿಸಿದರು. ವಿದ್ವಾಂಸರು ಬಾಯಿ ತೆರೆಯಲಿಲ್ಲ. ವೇದಳ ಕಡೆ ಪೂರ್ತಿ ತಿರುಗಿ ಕೂತರು.

ಅವಳ ಒಂದು ತಂತಿ ಇನ್ನೂ ಸರಿಬಂದಿರಲಿಲ್ಲ. ಅವಳು ಕಿವಿ ಬಾಗಿಸಿ ಬಿರಡೆ ತಿರುಗಿಸಿದಳು, ಮೀಟಿದಳು, ಮತ್ತೆ ತಿರುಗಿಸಿದಳು. ಗುಸುಗುಸು ನಿಂತಿತು. ಕಮಿಟಿಯವರೊಬ್ಬರು ಗಡಿಯಾರ ನೋಡಿಕೊಂಡರು. ನನಗೇ ತಡೆಯಲಾಗದೆ, ಬೇಗ ಮಾಡೇ ಎಂದು ಗೊಣಗಿದೆ. ಅಜ್ಜಿ ನನ್ನ ಮೊಣಕಾಲು ಅದುಮಿ ಸುಮ್ಮನಿರಿಸಿದರು. ವಿದ್ವಾಂಸರು ಕಾದರು, ಅವರು ಕಾಯುತ್ತಿದ್ದಾರೆಂದು ಇಡೀ ಪೆಂಡಾಲು ಕಾಯಿತು. ವೇದ ಅವಸರ ಮಾಡಲಿಲ್ಲ. ಕಮಾನನ್ನು ಒಮ್ಮೆ ಉದ್ದಕ್ಕೆ ಎಳೆದು ಕೇಳಿ, ಸಮಾಧಾನವಾದ ಮೇಲೆ ತಲೆ ಎತ್ತಿ ಅವರಿಗೆ ಸಣ್ಣಗೆ ಸನ್ನೆ ಮಾಡಿದಳು. ಆಗ ಅವರು ಹಾಡತೊಡಗಿದರು.